ಸರ್ವರ್ ಮತ್ತು ಹರಪನಹಳ್ಳಿ ಬಸ್ಸು

ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ ಎಂದು ತೆರೆಯ ಮೇಲೆ ಬಂತು. ಕೊಟ್ಟೂರಿನ ಕಾಲೇಜೊಂದರಲ್ಲಿ ನಾನು ಮಾಡುತ್ತಿದ್ದ ಸರ್ವರ್ ನಿರ್ವಹಣಾ ತಂತ್ರಾಂಶದ ಅಪ್‌ಗ್ರೇಡ್ ಅಲ್ಲೇ ನಿಂತಿತು. ಒಂದು ಸರ್ವರ್ ತನ್ನ ಗುರುತಿಗೆಂದು ಆಗಷ್ಟೇ ಕೊಟ್ಟ ಸರ್ಟಿಫಿಕೇಟನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ಹೊರಗೆ ಹಾಲ್ ಟಿಕೆಟ್‌ಗೆ ವಿದ್ಯಾರ್ಥಿಗಳ ಸಾಲು ಬೆಳೆಯುತ್ತಿತ್ತು. ನೋಡಿದರೆ, ಮೊದಲನೆಯ ಸರ್ವರಿನ ಗಡಿಯಾರ ಅರ್ಧ ತಾಸು ಮುಂದಿತ್ತು; ಅದು ಹಾಕಿದ ಸಮಯ ಇನ್ನೊಂದರಲ್ಲಿ ಇನ್ನೂ ಆಗಿರಲಿಲ್ಲ.

"ನಾನಽ ಇಟ್ಟೀನ್ರಿ," ಎಂದರು ಅದರ ಪಕ್ಕದಲ್ಲೇ ಕೂರುವ ಕ್ಲರ್ಕ್ ಕೊಟ್ರಮ್ಮ, ತಲೆ ಎತ್ತದೆ. "ಇಲ್ಲಾಂದ್ರ ಸಂಜಿ ಹರಪನಹಳ್ಳಿ ಬಸ್ ತಪ್ತೈತಿ."

ಸಮಯ ಸರಿಪಡಿಸಿ ಹೊಸ ಸರ್ಟಿಫಿಕೇಟ್ ಮಾಡಿದೆ. ಅಪ್‌ಗ್ರೇಡ್ ಮುಗಿಯಿತು, ಹಾಲ್ ಟಿಕೆಟ್‌ಗಳೂ ಬಂದವು. ಸಂಜೆ ಕೊಟ್ರಮ್ಮ ದಿನದಂತೆ ಆ ಗಡಿಯಾರದಲ್ಲಿ ಬಸ್ಸಿನ ಹೊತ್ತಾದಾಗಲೇ ಎದ್ದರು; ನನ್ನದೂ ಅದೇ ಬಸ್ಸು, ಅದನ್ನೇ ನಂಬಿ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಬಸ್ಸು ಹೋಗಿಬಿಟ್ಟಿತ್ತು.

ಆ ಸರ್ವರ್ ಈಗ ಸರಿಯಾದ ಸಮಯ ತೋರಿಸುತ್ತದೆ. ನನ್ನ ಕೈಗಡಿಯಾರ ಅರ್ಧ ತಾಸು ಮುಂದಿದೆ.