ಚೆಂಗ್ಡುವಿನಲ್ಲಿ ಶರಣಬಸವನ ಜೋಳ

ಲಂಡನ್ ಹೊರವಲಯದ ಫೆಲ್ಥಮ್‌ನ ಶರಣಬಸವ ಯಾವ ಊರನ್ನೇ ಆಗಲಿ ಒಂದೇ ಪ್ರಶ್ನೆಯಿಂದ ಅಳೆಯುತ್ತಿದ್ದ: ಇಲ್ಲಿ ಜೋಳ ಸಿಗುತ್ತದೆಯೇ? ಕಲಬುರಗಿಯಿಂದ ಬಂದು ಹೀಥ್ರೂದಲ್ಲಿ ಸಾಮಾನು ಸಾಗಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲಂಡನ್ನಿನ ಅರಮನೆ ಗೋಪುರ ಏನನ್ನೂ ನೋಡದೆ, ಬಸ್ಸು ಬದಲಿಸುತ್ತ ನಾನಿರುವ ಕೆಂಟನ್‌ವರೆಗೆ ಬಂದಿದ್ದ. ಅಕ್ಕಿ ಕೊಳ್ಳಲು ಹೋಗಿದ್ದ ನಾನು ಅವನನ್ನು ಮೊದಲು ಕಂಡದ್ದು ಗುಜರಾತಿಗಳ ಅಂಗಡಿಯಲ್ಲಿ. ಹಿಟ್ಟಿನ ಚೀಲವನ್ನು ಕೂಸಿನಂತೆ ಎತ್ತಿಕೊಂಡು, ಫೋನಿನಲ್ಲಿ ಹೆಂಡತಿಗೆ “ಸಿಕ್ತು, ಇನ್ನ ಇಲ್ಲೇ ಇರಬಹುದು” ಎನ್ನುತ್ತಿದ್ದ.

ಅವನು ತೀರಿಕೊಂಡು ಎರಡು ತಿಂಗಳಾಯಿತು. ನೆನೆಯಹೊರಟರೆ ಚೀನಾವೇ ಮುಂದೆ ಬರುತ್ತದೆ.

ಮಗಳು ಸೃಷ್ಟಿ ಚೆಂಗ್ಡು ನಗರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಅಲ್ಲಿಯೇ ನೆಲೆಸುತ್ತೇನೆಂದು ಫೋನು ಮಾಡಿದಳು. ಶರಣಬಸವ ಬೇಡವೆನ್ನಲಿಲ್ಲ, ಬಂದು ನೋಡಿ ಹೇಳುತ್ತೇನೆಂದ. ಅಪ್ಪ ಒಪ್ಪದೆ ಆ ಮಗಳು ಅಲ್ಲಿ ನೆಮ್ಮದಿಯಾಗಿ ಇರಲಾರಳೆಂದು ಮನೆಯ ಮೂವರಿಗೂ ಗೊತ್ತಿತ್ತು. ಹೆಂಡತಿ ಸುಶೀಲಾಬಾಯಿಗೆ ಮೊಣಕಾಲು ನೋವು. ಹಾಗಾಗಿ, ಸೀಟು ಉಳಿದರಷ್ಟೇ ಹತ್ತಿಸಿಕೊಳ್ಳುವ ಅವನ ಸಿಬ್ಬಂದಿ ಟಿಕೆಟ್ಟಿನಲ್ಲಿ ಜೊತೆಗೆ ಹೋದವನು ನಾನು.

ಸೃಷ್ಟಿ ಪಾಂಡಾ, ದೇವಾಲಯ, ಹಳೆಯ ಬೀದಿ ಎಲ್ಲವನ್ನೂ ಗೊತ್ತುಮಾಡಿದ್ದಳು. ಅಪ್ಪ ಫೋನು ತೆಗೆದು ತೆನೆ ತೂಗುವ ಜೋಳದ ಹೊಲದ ಚಿತ್ರ ತೋರಿಸಿ, ಮೊದಲು ಇದು ಎಲ್ಲಿದೆ ಹೇಳೆಂದ.

“ಡ್ಯಾಡ್, ಪ್ಲೀಸ್. ದೇರ್ ಈಸ್ ರೈಸ್ ಎವ್ರಿವೇರ್.”

“ಅನ್ನ ಈ ದೇವದಾಸಗ ಕೊಡು. ಕುಂದಾಪುರದವರು ಅನ್ನ ಸಿಕ್ರ ಚಂದ್ರನ ಮ್ಯಾಲೂ ಸಂಸಾರ ಹೂಡ್ತಾರ,” ಎಂದು ನನ್ನತ್ತ ಬೆರಳು ಮಾಡಿದ.

ಆ ಚಿತ್ರ ಹಿಡಿದು ನಾವು ಹೊರಟೆವು. ಬೀದಿಬದಿಯ ತರಕಾರಿಯವಳು ಚಿತ್ರ ನೋಡಿದ್ದೇ ಅರಳಿ, ಅಂಗಡಿ ಬಿಟ್ಟು ಅವನ ಕೈ ಹಿಡಿದು ನಡೆದಳು. ಹಳೆಯ ಕಾರ್ಖಾನೆಯ ಕೆಲಸಗಾರರ ಮನೆಗಳ ಹಿಂದೆ, ಪಂಜರದ ಹಕ್ಕಿಗಳನ್ನು ತೂಗುಹಾಕಿದ ಮರದಡಿ ದಾಟಿ, ದೊಡ್ಡ ಮಣ್ಣಿನ ಗಡಿಗೆಗಳಿದ್ದ ಅಂಗಡಿಯ ಮುಂದೆ ನಿಲ್ಲಿಸಿದಳು. ಮಾಲೀಕ ಗಡಿಗೆಯ ಮುಚ್ಚಳ ತೆಗೆದ. ಬಂದ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಆ ಸೀಮೆಯಲ್ಲಿ ಜೋಳದಿಂದ ಸಾರಾಯಿ ಕಾಸುತ್ತಾರೆ. ಮಾಲೀಕ ಒಂದು ಬಟ್ಟಲು ತುಂಬಿ ಶರಣಬಸವನ ಮುಂದೆ ಹಿಡಿದ.

ಮುಂಜಾನೆ ಲಿಂಗಪೂಜೆಯಾಗದೆ ನೀರೂ ಕುಡಿಯದವನು, ವಿಮಾನದಲ್ಲಿ ಕೆಮ್ಮಿನ ಔಷಧಿಯ ಬಾಟಲಿಯನ್ನೂ ಅನುಮಾನದಿಂದ ಓದಿದವನು, ಎರಡೂ ಕೈ ಮುಗಿದು ಬೇಡವೆಂದ. ಅಲ್ಲಿ ಕೈ ಜೋಡಿಸಿದರೆ ಸಂತೋಷವಾಯಿತೆಂದು ಅರ್ಥವಂತೆ. ಇನ್ನೊಂದು ಬಟ್ಟಲು ಬಂತು. ಅವನು ಇನ್ನೂ ಬಾಗಿ ಮುಗಿದ. ಹಿರಿಯರಿಗೆಂದೇ ಇಟ್ಟ ದೊಡ್ಡ ಬಟ್ಟಲು ಬಂತು. ಆ ಮರ್ಯಾದೆಯನ್ನೆಲ್ಲ ನಾನು ಕುಡಿಯಬೇಕಾಯಿತು.

ಮರುದಿನವೂ ಅದೇ. ಕ್ಷೌರಿಕನನ್ನು ಕೇಳಿದರೆ ಹೊಳೆದಂಡೆಯ ಸಾರಾಯಿ ಅಂಗಡಿ, ಚಹಾದಂಗಡಿಯಲ್ಲಿ ಗಿರಾಕಿಗಳ ಕಿವಿಯ ಗುಗ್ಗೆ ತೆಗೆಯುವವನನ್ನು ಕೇಳಿದರೆ ರೈಲು ಸೇತುವೆಯ ಕೆಳಗಿನದು. ಮೂರು ವರ್ಷ ಅಲ್ಲಿದ್ದ ಸೃಷ್ಟಿ ಇವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಅವಳು ಈಗ ಫೋನಿನಲ್ಲಿ ಫೋಟೋ ತೆಗೆಯತೊಡಗಿದ್ದಳು. ಅಪ್ಪ ಮಾತ್ರ ದಿನದಿನಕ್ಕೆ ಕುಗ್ಗುತ್ತಿದ್ದ. “ನಮ್ಮ ಜೋಳಕ್ಕ ಎಂಥಾ ಗತಿ ತಂದಾರ ನೋಡ್ರಿ. ಇಂಥಲ್ಲಿ ಹುಡುಗಿ ಹ್ಯಾಂಗ ಬಿಡ್ಲಿ?”

ಸೇತುವೆಯ ಅಂಗಡಿಯಲ್ಲಿ ಮಾಲೀಕನ ಮುದಿತಾಯಿ ಇದ್ದಳು. ಶರಣಬಸವ ಬಟ್ಟಲನ್ನು ದೂರ ಸರಿಸಿ, ಗಾಳಿಯಲ್ಲಿ ರೊಟ್ಟಿ ತಟ್ಟಿ ತೋರಿಸಿದ. ಮುದುಕಿ ಅದನ್ನು ಹಾಡೆಂದುಕೊಂಡು ತಾನೂ ಚಪ್ಪಾಳೆ ತಟ್ಟಿದಳು. ಅವನು ಬಾಯಿಗಿಟ್ಟು ಜಗಿದು ತೋರಿಸಿದ ಮೇಲೆ ಒಳಗಿಂದ ಕೆಂಪು ಜೋಳದ ಚೀಲ ಎಳೆದು ತಂದಳು. ಪಕ್ಕದಲ್ಲಿ ಸೋಯಾ ಅರೆಯುವವನ ಕಲ್ಲಿನಲ್ಲಿ ಹಿಟ್ಟಾಯಿತು. ಅದೋ ಅಂಟು ಜೋಳ. ಶರಣಬಸವ ತಟ್ಟಿದರೆ ರೊಟ್ಟಿ ಅಂಗೈ ಬಿಡಲಿಲ್ಲ. ಅರ್ಧ ಓಣಿ ನೆರೆದು ನೋಡಿತು. ಕೊನೆಗೆ ಬೋರಲು ಹಾಕಿದ ಬಾಣಲೆಯ ಮೇಲೆ ಬೆಂದದ್ದು ಎಮ್ಮೆ ಚರ್ಮದ ಚಪ್ಪಲಿಯಂತಿತ್ತು. ಮುದುಕಿ ಅದಕ್ಕೆ ತನ್ನ ಮೆಣಸಿನಕಾಯಿ ಚಟ್ನಿ ಹಚ್ಚಿದಳು.

ಶರಣಬಸವ ಬಹಳ ಹೊತ್ತು ಅಗಿದ. ಸೃಷ್ಟಿ ಅವನ ಮುಖವನ್ನೇ ನೋಡುತ್ತಿದ್ದಳು.

“ಖಾರ ಅದ,” ಎಂದ. “ಇರಬಹುದು.”

“ಸೋ, ಐ ಕ್ಯಾನ್ ಸ್ಟೇ?”

“ಮೊದಲು ರೊಟ್ಟಿ ತಟ್ಟೋದು ಕಲಿ. ಈ ಅಮ್ಮನ ಕಡೆ ಬಂದು ಹೋಗಿ ಮಾಡು.”

ಮಾರ್ಚ್‌ನಲ್ಲಿ ಅವನ ಹೃದಯ ನಿಂತಾಗ ಸೃಷ್ಟಿ ಬಂದಳು. ಮುದುಕಿ ಕಟ್ಟಿಕೊಟ್ಟ ಕೆಂಪು ಹಿಟ್ಟು ಅವಳ ಚೀಲದಲ್ಲಿತ್ತು. ಕಾರ್ಯ ಮುಗಿದ ಮರುದಿನ ಫೆಲ್ಥಮ್‌ನ ಅಡಿಗೆಮನೆಯಲ್ಲಿ ಅವಳೇ ತಟ್ಟಿದಳು. ಸುಶೀಲಾಬಾಯಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು, ಕೈ ಹಾಕಲಿಲ್ಲ. ರೊಟ್ಟಿ ಅಂಗೈಗೆ ಅಂಟಿತು, ಹರಿಯಿತು, ಒಂದು ಕಡೆ ಹೊತ್ತಿತು.

“ಹೇಗಿದೆ, ಅಂಕಲ್?” ಎಂದಳು, ಕನ್ನಡದಲ್ಲಿ.

ನಾನು ಇನ್ನೊಂದು ತುಂಡು ಮುರಿದುಕೊಂಡೆ. ನಿಮ್ಮಪ್ಪನದು ಇದಕ್ಕಿಂತ ಕೆಟ್ಟದಾಗಿತ್ತು ಎಂದೆ.