ಆಯ್ತು ಅಂದವನು

ಕನ್ನಡದಲ್ಲಿ ‘ಆಯ್ತು’ ಅನ್ನುವುದಕ್ಕಿಂತ ಸಲೀಸಾದ ಮಾತು ಇನ್ನೊಂದಿಲ್ಲ. ಅದರಷ್ಟು ನಂಬಿಕೆಗೆಟ್ಟ ಮಾತೂ ಇನ್ನೊಂದಿಲ್ಲ ಎಂದರೆ ಇವನಿಗೇನೋ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ. ವಿಮಾನದ ಕೆಲಸ ಕಲಿಯಲು ಹೋದ ನಾನು ತುಮಕೂರಿನಲ್ಲಿ ಪಂಪ್‌ಸೆಟ್ ಮೋಟಾರು ಬಿಚ್ಚುತ್ತಾ ವಯಸ್ಸು ಕಳೆದದ್ದು ಈ ಒಂದು ಮಾತಿನಿಂದ.

ನಮ್ಮ ಮನೆ ಇದ್ದದ್ದು ಗುಬ್ಬಿಯಲ್ಲಿ. ಅಪ್ಪ ತುಮಕೂರಿನಿಂದ ಕುಣಿಗಲ್ಲಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನ ಡ್ರೈವರ್. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ದಿನ ಆ ಬಸ್ಸಿನ ಮುಂದಿನ ಚಕ್ರ ಕಳಚಿ, ಬಸ್ಸು ಹಳ್ಳಕ್ಕೆ ಉರುಳಿ, ಸಂತೆಗೆ ಹೊರಟಿದ್ದ ಒಬ್ಬ ಹೆಂಗಸು ಸತ್ತುಹೋದಳು. ಅಪ್ಪನಿಗೆ ಒಂದು ಗಾಯವೂ ಆಗಲಿಲ್ಲ. ಆದರೆ ಅಂದಿನಿಂದ ಸ್ಟೇರಿಂಗ್ ಮುಟ್ಟಲಿಲ್ಲ. ಬಸ್ಸಿನ ಮಾಲೀಕರು ಒಳ್ಳೆಯವರು, ತುಮಕೂರಿನ ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ ಕೂರಿಸಿದರು. ಬೆಳಿಗ್ಗೆ ಗುಬ್ಬಿಯಿಂದ ರೈಲು ಹತ್ತಿ ಹೋದರೆ ಸಂಜೆ ರೈಲಿಗೆ ವಾಪಸ್ಸು. ಆ ಅಪಘಾತದ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನಲ್ಲಿ ಐಟಿಐ ಮುಗಿಸಿದೆ. ಬೆಂಗಳೂರಿನ ಹೊರಗಿದ್ದ, ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ತೆಗೆದುಕೊಂಡರು. ಅಪ್ಪ ಎದುರಿಗೆ ಏನೂ ಹೇಳಲಿಲ್ಲ. ಆದರೆ ಕೌಂಟರಿಗೆ ಬಂದು ಕುಣಿಗಲ್ಲಿಗೆ ಟಿಕೆಟ್ ಕೇಳಿದವರಿಗೆಲ್ಲ ಟಿಕೆಟ್ಟಿನ ಜೊತೆ ನನ್ನ ಸಮಾಚಾರವನ್ನೂ ಸೇರಿಸಿ ಕೊಡುತ್ತಿದ್ದನಂತೆ. “ನಮ್ ಹುಡ್ಗ ಏರೋಪ್ಲೇನ್ ಕೆಲ್ಸದಲ್ಲವ್ನೆ” ಅಂತ. ಕೇಳಿದವರು ಬಂದು ನನಗೆ ಹೇಳಿ ನಗುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ಸೇರಿದ ಹೊಸತರಲ್ಲಿ ವಿಮಾನದ ರೆಕ್ಕೆ ಮುಟ್ಟಲೂ ಬಿಡಲಿಲ್ಲ. ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ ಉಜ್ಜಿ ಚೌಕ ಮಾಡುವುದೇ ಕೆಲಸ. ಆಮೇಲೆ ಲಾಕ್ ವೈರ್ ಹಾಕುವುದನ್ನು ಹೇಳಿಕೊಟ್ಟರು. ಎಂಜಿನ್ ನಡುಗುವ ನಡುಕಕ್ಕೆ ಎಷ್ಟು ಬಿಗಿ ಮಾಡಿದ ಬೋಲ್ಟೂ ಸಡಿಲಾಗಬಹುದು. ಹಾಗಾಗದಂತೆ ಬೋಲ್ಟಿನ ತಲೆಯ ತೂತಿಗೆ ತೆಳ್ಳನೆಯ ತಂತಿ ಪೋಣಿಸಿ, ಜಡೆ ಹೆಣೆದಂತೆ ಹೊಸೆದು, ಪಕ್ಕದ ಬೋಲ್ಟಿಗೋ ಗಟ್ಟಿಯಾದ ಇನ್ನೊಂದು ಭಾಗಕ್ಕೋ ಬಿಗಿಯಬೇಕು. ನನಗೆ ಈ ಕೆಲಸ ಕೈಗೆ ಕೂತುಬಿಟ್ಟಿತು. ರಜೆಯಲ್ಲಿ ಗುಬ್ಬಿಗೆ ಬಂದರೆ ಬಕೆಟ್ಟಿನ ಹಿಡಿ, ಬಾಗಿಲ ಚಿಲಕ, ಲಾಟೀನು, ಕಂಡದ್ದಕ್ಕೆಲ್ಲ ತಂತಿ ಹೊಸೆದು ಬಿಗಿಯುತ್ತಿದ್ದೆ. “ನನ್ನೊಬ್ಳುನ್ನ ಬುಟ್ಟಿದೀಯ, ನಂಗೂ ಒಂದು ಕಟ್ಟಾಕ್ಬುಡು” ಎಂದು ಅಮ್ಮ ಬೈಯುತ್ತಿದ್ದಳು.

ನಮಗೆ ಕೆಲಸ ಹೇಳಿಕೊಡುತ್ತಿದ್ದ ಮೇಷ್ಟರು ಸೇನೆಯಿಂದ ನಿವೃತ್ತರಾಗಿ ಬಂದವರು, ಉತ್ತರದ ಕಡೆಯವರು. ಕನ್ನಡ ಕಲಿಯಬೇಕೆಂದು ಬಹಳ ಆಸೆ. ಬಾಡಿಗೆ ಮನೆಯ ಯಜಮಾನಿಯಿಂದ ಎರಡು ಮಾತು ಕಲಿತು ಬಂದು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದರು. ಬೆಳಿಗ್ಗೆ “ತಿಂಡಿ ಆಯ್ತಾ?” ಎನ್ನುವರು, ನಾವು “ಆಯ್ತು ಸಾರ್” ಎನ್ನುವೆವು. ಮಧ್ಯಾಹ್ನ “ಊಟ ಆಯ್ತಾ?”, “ಆಯ್ತು ಸಾರ್.” ಆಯ್ತು ಅಂದರೆ ಮುಗಿಯಿತು ಎಂದು ಅವರು ಕಲಿತದ್ದು ಹೀಗೆ. ಅದರಲ್ಲಿ ತಪ್ಪೇನಿಲ್ಲ. ಆದರೆ ‘ಹೂಂ, ಮಾಡ್ತೀನಿ’ ಅನ್ನುವುದಕ್ಕೂ ನಾವು ಆಯ್ತು ಅನ್ನುತ್ತೇವೆ, ‘ಸಾಕು, ಬಾಯಿ ಮುಚ್ಚು’ ಅನ್ನುವುದಕ್ಕೂ ಅದನ್ನೇ ಅನ್ನುತ್ತೇವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೇ ವರ್ಷ ಒಂದು ಸಣ್ಣ ತರಬೇತಿ ವಿಮಾನದ ಎಂಜಿನ್ ಆಯಿಲ್ ಬದಲಾಯಿಸುತ್ತಿದ್ದೆವು. ಜೊತೆಗಿದ್ದವನು ಹುಲಿಯೂರುದುರ್ಗದ ನನ್ನ ಗೆಳೆಯ, ಅವನೂ ನನ್ನ ಹಾಗೆ ಅಪ್ರೆಂಟಿಸ್. ಹಳೇ ಆಯಿಲ್ ಇಳಿಸಿದ ಮೇಲೆ ಆ ತೂತು ಮುಚ್ಚುವ ಕೆಳಗಿನ ಪ್ಲಗ್ಗನ್ನು ನಾನು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಅವನು ಮೇಲಿನಿಂದ ಹೊಸ ಆಯಿಲ್ ಸುರಿದ. ಆ ಹೊತ್ತಿಗೆ ಮೇಷ್ಟರು ವಿಮಾನದ ಆಚೆ ಬದಿಯಿಂದ “ಪ್ಲಗ್ ಟೈಟ್, ಲಾಕ್ ವೈರ್” ಎಂದು ಕೂಗಿದರು. ಟೈಟ್ ಮಾಡಿ ವೈರ್ ಹಾಕು ಅನ್ನುತ್ತಿದ್ದಾರೆ ಎಂದು ನಾನು ತಿಳಿದೆ. ಹಾಕಿದ್ದೀಯಾ ಎಂದು ಅವರು ಕೇಳಿದ್ದು. “ಆಯ್ತು ಸಾರ್” ಎಂದೆ.

ನೋಡಿದರೆ ತಂತಿಯ ಸುರುಳಿ ಮುಗಿದಿತ್ತು. ತಂದು ಎರಡನ್ನೂ ಒಟ್ಟಿಗೇ ಮುಗಿಸೋಣವೆಂದು ಸ್ಟೋರಿಗೆ ಹೋದೆ. ಸ್ಟೋರಿನವನು ಊಟಕ್ಕೆ ಹೋಗಿದ್ದ, ಕಾದೆ. ಗೆಳೆಯ ಹಳೇ ಆಯಿಲ್ ಚೆಲ್ಲಿಬರಲು ಹೋಗಿದ್ದ. ತಂತಿ ಹಿಡಿದುಕೊಂಡು ವಾಪಸ್ಸು ಬರುವಷ್ಟರಲ್ಲಿ ವಿಮಾನವನ್ನು ಹೊರಗೆ ತಳ್ಳಿ ಎಂಜಿನ್ ಚಾಲೂ ಮಾಡಿದ್ದರು. ಪ್ಲಗ್ ಕಳಚಿಕೊಂಡು ಸಿಮೆಂಟಿನ ನೆಲದ ತುಂಬ ಆಯಿಲ್. ಯಾರೋ ನೋಡಿ ಕೈ ಬೀಸಿದರು, ಎಂಜಿನ್ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಲಕ್ಕೆ ಹಾರಿದ ಮೇಲೆ ಹೀಗಾಗಿದ್ದರೆ ಏನು ಗತಿ ಎಂದು ಎಲ್ಲರೂ ಒಂದೇ ಮಾತು ಕೇಳಿದರು. ಕಣ್ಣಲ್ಲಿ ನೋಡದೆ ವಿಮಾನವನ್ನು ಹೊರಗೆ ಬಿಡಬಾರದು ಎಂಬ ನಿಯಮವಿತ್ತು. ಮೇಷ್ಟರು ನೋಡಲಿಲ್ಲ. ಅದನ್ನು ನಾನು ಅಂದೂ ಹೇಳಿದೆ, ಇವತ್ತೂ ಹೇಳುತ್ತೇನೆ.

ವಿಚಾರಣೆ ನಡೆಯಿತು. ನಾನು ಕೇಳಿದೆ, ಇವನು ಮುಗಿಯಿತು ಎಂದು ಹೇಳಿದ ಎಂದರು ಮೇಷ್ಟರು. ವಿಚಾರಣೆಗೆ ಕೂತ ಸಾಹೇಬರು ಗೆಳೆಯನನ್ನು ಕರೆದು ಇವನು ಏನು ಹೇಳಿದ ಎಂದು ಕೇಳಿದರು. “ಆಯ್ತು ಅಂದ ಸಾರ್” ಎಂದ. ಇದ್ದದ್ದನ್ನೇ ಹೇಳಿದ, ಪಾಪ, ಬೇರೆ ಏನು ಹೇಳಿಯಾನು? ಮಾಡ್ತೀನಿ ಅನ್ನೋ ಅರ್ಥದಲ್ಲಿ ಅಂದೆ ಎಂದು ನಾನು ಬಡಕೊಂಡೆ. ಅಲ್ಲಿದ್ದವರಲ್ಲಿ ಕನ್ನಡ ಬಲ್ಲ ಸಾಹೇಬರು ಒಬ್ಬರೇ. ಅವರು “ಎರಡೂ ಅರ್ಥ ಆಗುತ್ತಪ್ಪ. ಆದರೆ ನಿನ್ನ ಮನಸ್ಸಲ್ಲಿ ಯಾವುದಿತ್ತು ಅಂತ ನಾವು ಹೆಂಗೆ ನೋಡೋಣ?” ಎಂದರು. ಮಾಡದ ಕೆಲಸವನ್ನು ಮಾಡಿದೆನೆಂದು ಸುಳ್ಳು ಹೇಳಿದ ಎಂದು ತೀರ್ಮಾನಿಸಿ ನನ್ನನ್ನು ತೆಗೆದುಹಾಕಿದರು. ಕೆಲಸ ಹೋದದ್ದಕ್ಕಿಂತ ಸುಳ್ಳ ಅನ್ನಿಸಿಕೊಂಡದ್ದು ನನ್ನನ್ನು ಹೆಚ್ಚು ಸುಟ್ಟಿತು.

ಗುಬ್ಬಿಗೆ ಬಂದು ಸಂಜೆ ಜಗಲಿಯ ಮೇಲೆ ಅಪ್ಪನ ಎದುರು ಕೂತು ಎಲ್ಲ ಹೇಳಿದೆ. ಊರೆಲ್ಲ ಸುಳ್ಳ ಅನ್ನಲಿ, ಅಪ್ಪನೊಬ್ಬ ನಂಬಿದರೆ ಸಾಕಾಗಿತ್ತು. ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ.

“ನೀನು ಏನಂದೆ?”

“ಆಯ್ತು ಅಂದೆ. ಮಾಡ್ತೀನಿ ಅಂತ ಅಂದಿದ್ದು ಕಣಪ್ಪ.”

ಮತ್ತೆ ಬಿಡಿಸಿ ಹೇಳಿದೆ. “ಅಮ್ಮ ನೀರು ತತ್ತಾ ಅಂದ್ರೆ ಆಯ್ತು ಅನ್ನಲ್ವಾ? ಅಷ್ಟೊತ್ಗೆ ತಂದ್ಬುಟ್ಟಿರ್ತೀವಾ?” ಅಪ್ಪ ಬೀದಿಯ ಕಡೆ ನೋಡುತ್ತಾ ಕೂತಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. “ಆ ಮೇಷ್ಟ್ರಿಗೆ ಬರಲ್ಲ, ಸರಿ. ನಿಂಗೂ ಕನ್ನಡ ಬರಲ್ವೇನಪ್ಪ?”

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. “ಆಯ್ತು, ಬುಡು” ಎಂದು ಬೀದಿಗೆ ಇಳಿದು ಹೋದ. ನಂಬಿದ್ದಾನೆ ಎಂದುಕೊಂಡು ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಬಸ್ಸಿನ ಮಾಲೀಕರು ತಮ್ಮ ಗ್ಯಾರೇಜಿಗೆ ನನ್ನನ್ನು ಕರೆದರು. ಅಪ್ಪ ಬೇಡವೆಂದು ತುಮಕೂರಿನ ಶೆಟ್ಟಿಹಳ್ಳಿಯ ಒಂದು ಪಂಪ್‌ಸೆಟ್ ಅಂಗಡಿಗೆ ಸೇರಿಸಿದ. “ಪಂಪು ಕೆಟ್ರೆ ನೀರು ಬರಲ್ಲ, ಅಷ್ಟೆ” ಎಂದ. ಬಸ್ಸಿನ ಸಹವಾಸ ಸಾಕೆಂದು ಹೇಳುತ್ತಿದ್ದಾನೆ ಅಂದುಕೊಂಡೆ. ಅಂಗಡಿಯಲ್ಲಿ ನನಗೆ ಏರೋಪ್ಲೇನ್ ಎಂದೇ ಹೆಸರು ಬಿತ್ತು. “ಏನ್ಲಾ ಏರೋಪ್ಲೇನು, ಮೂರು ಎಚ್‌ಪಿ ಮೋಟ್ರು ಯಾವಾಗ್ಲಾ ಹಾರ್ಸ್ತೀಯಾ?” ಎಂದು ರೈತರು ಕೂಡ ಕಾಲೆಳೆಯುತ್ತಿದ್ದರು. ಮೊದಲು ಉರಿದುಬೀಳುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ಆದರೆ ವಿಮಾನ ನಿಲ್ಲಿಸುತ್ತಿದ್ದ ಆ ಹ್ಯಾಂಗರಿನ ಆಸೆ ಹೋಗಲಿಲ್ಲ. ಒಂದು ಸಲ ಕರೆದಿದ್ದರೆ ಬರಿಗಾಲಲ್ಲಿ ಓಡಿಹೋಗುತ್ತಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ ಅಪ್ಪ ತೀರಿಕೊಂಡ. ಮುಂದಿನ ವರ್ಷ ಹುಲಿಯೂರುದುರ್ಗದ ಗೆಳೆಯ ತನ್ನ ತಂಗಿಯ ಮದುವೆಗೆ ಕರೆದ. ಮದುವೆ ಕುಣಿಗಲ್ಲಿನ ಛತ್ರದಲ್ಲಿ. ಅವನು ಅಷ್ಟು ಹೊತ್ತಿಗೆ ಅದೇ ಕಾರ್ಖಾನೆಯಲ್ಲಿ ದೊಡ್ಡ ಮೆಕ್ಯಾನಿಕ್ ಆಗಿದ್ದ. ಊಟವಾಗಿ ಕೈ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತು, “ಅವತ್ತು ನಿಮ್ಮಪ್ಪ ಒಪ್ಪಿದ್ರೆ ನೀನೂ ನನ್ ಜೊತೇಲೇ ಇರ್ತಿದ್ದೆ ಕಣೋ” ಎಂದ.

“ಯಾವತ್ತು? ಏನು ಒಪ್ಪಿದ್ರೆ?”

ಅವನ ಮುಖ ಸಪ್ಪಗಾಯಿತು. ನನಗೆ ಗೊತ್ತಿದೆ ಎಂದು ಅವನು ತಿಳಿದಿದ್ದ. ಆಮೇಲೆ ಮೆಲ್ಲಗೆ ಹೇಳಿದ. ನನ್ನನ್ನು ತೆಗೆದ ಮರುವರ್ಷ ಮೇಷ್ಟರ ಬಾಡಿಗೆ ಮನೆಯಲ್ಲಿ ನಲ್ಲಿ ಸೋರುತ್ತಿತ್ತಂತೆ. ರಿಪೇರಿ ಮಾಡಿಸಿ ಎಂದರೆ ಯಜಮಾನಿ “ಆಯ್ತು ಕಣಪ್ಪ” ಅನ್ನುತ್ತಲೇ ಇದ್ದಳು, ನಲ್ಲಿ ಸೋರುತ್ತಲೇ ಇತ್ತು. ಎಷ್ಟೋ ದಿನವಾದ ಮೇಲೆ ಮೇಷ್ಟರಿಗೆ ಹೊಳೆಯಿತು. ಮೇಲಿನವರ ಹತ್ತಿರ ಹೋಗಿ, ತಪ್ಪು ನನ್ನದು, ಆ ಹುಡುಗ ಸುಳ್ಳು ಹೇಳಿಲ್ಲ ಎಂದು ಜಗಳವಾಡಿ, ಮುಂದಿನ ತಂಡದ ಜೊತೆ ನನ್ನನ್ನು ಸೇರಿಸಿಕೊಳ್ಳಲು ಒಪ್ಪಿಸಿದರು. ನನ್ನನ್ನು ಕರೆತಾ ಎಂದು ಇವನನ್ನು ಕಳಿಸಿದರು. ಇವನು ಗುಬ್ಬಿಗೆ ಹೊರಟವನು ತುಮಕೂರಿನಲ್ಲಿ ಇಳಿದು, ಮೊದಲು ಅಪ್ಪನಿಗೆ ಹೇಳೋಣವೆಂದು ಕೌಂಟರಿಗೆ ಹೋದ.

ಅಪ್ಪ ಅಂದದ್ದನ್ನು ಗೆಳೆಯ ಇದ್ದ ಹಾಗೆಯೇ ಹೇಳಿದ. “ಬ್ಯಾಡ ಕಣಪ್ಪ. ಮಾಡ್ದಲೆ ಆಯ್ತು ಅಂದವ್ನೆ ಅವ್ನು. ಅದು ಎಂಗಾಗುತ್ತೆ ಅಂತ ನಂಗೊತ್ತು. ಪಂಪಲ್ಲೇ ಇರ್ಲಿ. ನೀನು ಬಂದಿದ್ದು ಅವನ್ಗೆ ಏಳ್ಬ್ಯಾಡ.”

“ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನ್ಲಾ ನಿಂಗೆ?”

“ಹೆತ್ತಪ್ಪನೇ ಬೇಡ ಅಂದ್ಮೇಲೆ ನಾನೇನ್ ಕೇಳ್ಲಿ ಹೇಳು” ಎಂದ. ಅವನ ಕಣ್ಣಲ್ಲಿ ನೀರಿತ್ತು.

ಕುಣಿಗಲ್ಲಿನಿಂದ ಬಸ್ಸಿನಲ್ಲಿ ಕೂತವನು ದಾರಿಯುದ್ದಕ್ಕೂ ಸತ್ತ ಅಪ್ಪನ ಜೊತೆ ಜಗಳವಾಡಿದೆ. ಪರಸ್ಥಳದ ಮೇಷ್ಟರು ನನ್ನನ್ನು ನಂಬಿದರು. ಹೆತ್ತವನು ನಂಬಲಿಲ್ಲ. ಆ ಸಂಕಟ ಎಂಥದೆಂದು ಬರೆದು ತಿಳಿಸಲಾರೆ. ಮನೆಗೆ ಬಂದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಅವಳ ಮುಂದೆ ಚೆಲ್ಲಿ, ಅಪ್ಪ ಸಾಯುವ ತನಕ ನನ್ನನ್ನು ಸುಳ್ಳ ಅಂತಲೇ ತಿಳಿದಿದ್ದನಾ ಎಂದು ಕೇಳಿದೆ.

ಅಮ್ಮ ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿದಳು.

“ಹಳ್ಳಕ್ಕೆ ಬಿತ್ತಲ್ಲ, ಆ ಬಸ್ಸಿನ ಕ್ಲೀನರ್ರು ಒಬ್ನಿದ್ದ” ಎಂದಳು. “ಅವತ್ತು ಹೊರಡೋ ಮುಂಚೆ, ಚಕ್ರದ ನಟ್ಟು ಬಿಗಿ ಮಾಡ್ಬುಡು ಅಂದಿದ್ರಂತೆ ನಿಮ್ಮಪ್ಪ. ಅವ್ನು ಆಯ್ತಣ್ಣ ಅಂದ. ಇವ್ರು ಹಂಗೇ ಬಸ್ ಎತ್ಕೊಂಡು ಹೋದ್ರು. ಆಮೇಲೆ ಅವ್ನು ಇದೇ ಜಗಲಿ ಮೇಲೆ ನಿಮ್ಮಪ್ಪನ ಕಾಲು ಹಿಡ್ಕೊಂಡು ಅತ್ತ. ಮಾಡ್ತೀನಿ ಅಂತ ಅಂದೆ ಅಣ್ಣ, ಮಾಡ್ದೆ ಅಂತ ಅನ್ಲಿಲ್ಲ, ನೀನೇ ಪೊಲೀಸ್ನೋರ್ಗೆ ಹೇಳಣ್ಣ ಅಂತ. ನಿಮ್ಮಪ್ಪ ಹೇಳ್ಲಿಲ್ಲ. ಅವನ್ನ ಜೈಲಿಗಾಕಿದ್ರು.”

“ಯಾಕೆ ಹೇಳ್ಲಿಲ್ಲ?”

“ಅವ್ನ ಮಾತು ನಿಜ ಆಗಿದ್ರೆ, ನೋಡ್ದೆ ಬಸ್ ಎತ್ತಿದ್ದು ಇವ್ರ ತಪ್ಪಾಗ್ತಿತ್ತಲ್ಲಪ್ಪ” ಎಂದಳು ಅಮ್ಮ.

ಅಪ್ಪ ನನ್ನನ್ನು ನಂಬಬೇಕಾಗಿದ್ದರೆ ಮೊದಲು ಆ ಕ್ಲೀನರನ್ನು ನಂಬಬೇಕಿತ್ತು. ಸತ್ತ ಹೆಂಗಸಿನ ಪಾಪವನ್ನೂ ಜೈಲಿಗೆ ಹೋದವನ ಪಾಪವನ್ನೂ ತಾನೇ ಹೊತ್ತುಕೊಳ್ಳಬೇಕಿತ್ತು. ಅದು ಆತನಿಂದ ಆಗಲಿಲ್ಲ. ನನ್ನ ಬದುಕು ಹೋದದ್ದು ಅದಕ್ಕೆ, ಮತ್ತು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಕನ್ನಡ ಬರಲ್ವೇನಪ್ಪ ಎಂದು ಆತನನ್ನು ಕೇಳಬಾರದಿತ್ತು. ಆತನಿಗೆ ಚೆನ್ನಾಗಿ ಬರುತ್ತಿತ್ತು.