ಬೈ-ಟೂ ಸ್ಕ್ಯಾನ್

ಒಬ್ಬರಿಗೆ ಒಂಬತ್ತು ಸಾವಿರ, ಇಬ್ಬರಿಗೆ ಹದಿನಾಲ್ಕು. ಹೃದಯದ ಸಿ.ಟಿ. ಸ್ಕ್ಯಾನಿಗೆ ನಾನು ಕುದುರಿಸಿದ ರೇಟು ಅದು. ವಿಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು ಸುಮ್ಮನೆ ದುಡ್ಡು ಬಿಚ್ಚುವುದಿಲ್ಲ. ನಮ್ಮಣ್ಣ ನಲವತ್ತೊಂಬತ್ತನೇ ವಯಸ್ಸಿಗೆ, ಒಂದು ದಿನವೂ ಎದೆನೋವು ಎನ್ನದವನು, ಸ್ನಾನದ ಮನೆಯಲ್ಲೇ ಕುಸಿದು ಹೋಗಿಬಿಟ್ಟ. ನನಗೂ ಅಷ್ಟೇ ವಯಸ್ಸಾದಾಗ ನಮ್ಮ ಡಾಕ್ಟರು ಚೀಟಿ ಬರೆದರು. ಸಕ್ಕರೆ ಕಾಯಿಲೆಯಿದ್ದ ನನ್ನ ಹೆಂಡತಿಗೂ ಬರೆದರು. ಅವಳು, "ನಂಗೇನಾಗಿದೆ? ನಿಮ್ಮ ಶರ್ಟು ಹಿಡ್ಕೊಂಡು ಕೂತಿರ್ತೀನಿ" ಅಂದಳು.

ರಾಜಾಜಿನಗರದ ಸ್ಕ್ಯಾನ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿಯ ಹತ್ತಿರ ನಾನು ಶುರುಮಾಡಿದೆ.

"ಏನಮ್ಮಾ, ಕಾಫಿಗೆ ಬೈ-ಟೂ ಇದೆ, ಇದಕ್ಕಿಲ್ವಾ?"

"ಸಾರ್, ಇದು ಹೋಟ್ಲಲ್ಲ!"

ಅರ್ಧ ಗಂಟೆ ಬಿಡಲಿಲ್ಲ. ಕೊನೆಗೆ ಮ್ಯಾನೇಜರೇ ಬಂದು ಒಪ್ಪಿಕೊಂಡ.

"ನಾಲ್ಕು ಸಾವಿರ ಬಿಟ್ಟಿದಾರೆ ಕಣೇ, ನೀನೂ ಮಲಗ್ಬಿಡು" ಅಂದೆ. ರಿಯಾಯಿತಿ ವ್ಯರ್ಥವಾಗುವುದನ್ನು ನಮ್ಮ ಮನೆಯಲ್ಲಿ ಯಾರೂ ಸಹಿಸುವುದಿಲ್ಲ. ಒಪ್ಪಿದಳು.

ಒಳಗೆ ನನ್ನ ನಾಡಿ ತೊಂಬತ್ತನಾಲ್ಕು. ಅರವತ್ತರ ಆಸುಪಾಸಿಗೆ ಇಳಿಯದಿದ್ದರೆ ಚಿತ್ರ ಮಸುಕಾಗುತ್ತದಂತೆ.

"ಅಂಕಲ್, ಯಾರ ಹತ್ರ ಜಗಳ ಆಡ್ಕೊಂಡು ಬಂದ್ರಿ?" ಎಂದ ಟೆಕ್ನೀಷಿಯನ್.

"ಜಗಳ ಅಲ್ಲಪ್ಪ, ಚೌಕಾಸಿ. ಇವರಿಗೆ ಅದೇ ವ್ಯಾಯಾಮ" ಎಂದಳು ನನ್ನವಳು.

ನನಗೆ ಮಾತ್ರೆ ನುಂಗಿಸಿ ಒಂದು ಗಂಟೆ ಕೂರಿಸಿದರು. ಅವಳ ನಾಡಿ ಅರವತ್ತೆರಡು. ಮೊದಲು ಅವಳೇ ಹೋದಳು.

ಮಾರನೆಯ ದಿನ ಡಾಕ್ಟರು ರಿಪೋರ್ಟು ನೋಡಿದರು. ನನ್ನ ರಕ್ತನಾಳಗಳು ಚೊಕ್ಕಟ. ಅವಳ ಒಂದು ನಾಳದಲ್ಲಿ ಮಾತ್ರ ಅರ್ಧದಷ್ಟು ಕೊಬ್ಬು ಕಟ್ಟಿತ್ತು. "ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಆಪರೇಷನ್ ಬೇಡ. ಮಾತ್ರೆ ತಪ್ಪಿಸ್ಬೇಡಿ, ದಿನಾ ನಡೀರಿ" ಅಂದರು.

ಮನೆಗೆ ಆಟೋದಲ್ಲಿ ಬಂದೆವು. ಇಳಿದು ಬಾಡಿಗೆ ಕೊಡುತ್ತಲೇ ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ರೀ, ಆಟೋದವ್ನು ಇಪ್ಪತ್ತು ರೂಪಾಯಿ ಜಾಸ್ತಿ ಕೇಳ್ದ, ಸುಮ್ನೆ ಕೊಟ್ಬಿಟ್ರಲ್ಲ! ನಿಮ್ಗೇ ಇನ್ನೊಂದ್ಸಲ ಸ್ಕ್ಯಾನ್ ಮಾಡಿಸ್ಬೇಕು."

ಆಗ ನಗು ಬಂತು. ಅಂದಿನಿಂದ ಬೆಳಿಗ್ಗೆ ಪಾರ್ಕಿನಲ್ಲಿ ಅವಳು ಮುಂದೆ, ನಾನು ಹಿಂದೆ.

ನಿಮಗೆ ಹೇಳುವುದಿಷ್ಟು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತದಿಂದ ಹೋಗಿದ್ದರೆ, ಸಕ್ಕರೆ, ಬಿ.ಪಿ. ಇದ್ದರೆ, ನೋವು ಬರಲಿ ಎಂದು ಕಾಯದೆ ಡಾಕ್ಟರನ್ನು ಕೇಳಿ. ಅವರು ಬೇಡ ಎಂದರೆ ಆಫರ್ ನೋಡಿ ಓಡಬೇಡಿ. ಬೇಕು ಎಂದರೆ ಹೆಂಡತಿಯನ್ನು ಶರ್ಟು ಹಿಡಿಯಲು ಕೂರಿಸಬೇಡಿ, ಅವಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಚೌಕಾಸಿಯನ್ನು ಮಾತ್ರ ಹಿಂದಿನ ದಿನವೇ ಫೋನಿನಲ್ಲಿ ಮುಗಿಸಿಬಿಡಿ.